ನೆಗೆಟಿವ್ ಕವರು ಎಸೀಬೇಡಿ

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಮನೆಗಳಲ್ಲಿ ಮದುವೆ ಆಲ್ಬಮ್ಮು ಬೀರುವಿನಲ್ಲಿ ಭದ್ರವಾಗಿರುತ್ತೆ. ಜೊತೆಗೆ ಸ್ಟುಡಿಯೋದವರು ಕೊಟ್ಟ ನೆಗೆಟಿವ್ ಕವರು ಅಟ್ಟ ಸೇರಿರುತ್ತೆ. ಮನೆ ಖಾಲಿ ಮಾಡುವಾಗ ಮೊದಲು ಕಸಕ್ಕೆ ಹೋಗೋದೂ ಅದೇ. ಆದ್ರೆ ಆ ಫೋಟೋಗಳ ಮೂಲ ಇರೋದು ಆ ಕವರಿನಲ್ಲಿ.

ಕಪ್ಪು-ಬಿಳುಪಿನ ಕಾಲದಲ್ಲಿ ಸ್ಟುಡಿಯೋ ಹಿಂದೆಯೇ ಒಂದು ಡಾರ್ಕ್ ರೂಮ್ ಇರ್ತಿತ್ತು. ಫಿಲ್ಮ್ ತೊಳೆಯೋದು, ಪ್ರಿಂಟ್ ಹಾಕೋದು ಎರಡೂ ಅಲ್ಲೇ. 1960ರಲ್ಲಿ ಶುರುವಾದ ಊಟಿಯ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಹೆಸರಿನಲ್ಲಿ ಫಿಲ್ಮು, ಪೇಪರು ಮಾರುತ್ತಿತ್ತು. ಕಲರ್ ಬಂದ ಮೇಲೆ ಕೆಲಸ ನಾಜೂಕಾಯ್ತು. ಕಲರ್ ನೆಗೆಟಿವ್ ತೊಳೆಯುವ ಡೆವಲಪರ್ ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಲ್ಲಬೇಕು, ಆಚೀಚೆಯಾದ್ರೆ ಬಣ್ಣ ಕೆಡುತ್ತೆ. ಹಾಗಾಗಿ ಸಣ್ಣ ಊರಿನ ಸ್ಟುಡಿಯೋದವರು ರೋಲುಗಳನ್ನ ದೊಡ್ಡ ಊರಿನ ಕಲರ್ ಲ್ಯಾಬಿಗೆ ಕಳಿಸತೊಡಗಿದರು.

ಅಲ್ಲೀವರೆಗೂ ನೆಗೆಟಿವ್ ಮೂಲಕ ಹಾದ ಬೆಳಕು ಲೆನ್ಸ್ ದಾಟಿ ನೇರ ಪೇಪರ್ ಮೇಲೆ ಬೀಳ್ತಿತ್ತು. 1996ರಲ್ಲಿ ಫ್ಯೂಜಿಫಿಲ್ಮ್ ತಂದ ಫ್ರಾಂಟಿಯರ್ ಮೆಷಿನ್ನು ಇದನ್ನ ಬದಲಿಸಿತು. ಅದು ಮೊದಲು ನೆಗೆಟಿವ್ ಸ್ಕ್ಯಾನ್ ಮಾಡಿ, ಆಮೇಲೆ ಲೇಸರ್‌ನಿಂದ ಪೇಪರ್ ಮೇಲೆ ಚಿತ್ರ ಮೂಡಿಸುತ್ತೆ. ಅಂಥ ಲ್ಯಾಬುಗಳಲ್ಲಿ ಪ್ರಿಂಟಾದ ಫೋಟೋಗಳು ಆಗಲೇ ಒಂದು ಸಲ ಸ್ಕ್ಯಾನ್ ಆಗಿದ್ದವು. ಆದ್ರೆ ಆ ಸ್ಕ್ಯಾನು ಆ ಸೈಜಿನ ಪ್ರಿಂಟಿಗಷ್ಟೇ.

ಲೆಕ್ಕ ನೋಡಿ. 6×4 ಇಂಚಿನ ಪ್ರಿಂಟಿಗೆ ಇಂಚಿಗೆ 300 ಚುಕ್ಕಿಯಂತೆ ಸುಮಾರು 21 ಲಕ್ಷ ಪಿಕ್ಸೆಲ್ ಸಾಕು. 36×24 ಮಿಲಿಮೀಟರಿನ ನೆಗೆಟಿವ್‌ನ 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ರೆ 77 ಲಕ್ಷ ಸಿಗುತ್ತೆ. ಹಿಂದಿನ ಸಾಲಲ್ಲಿ ನಿಂತ ಅಜ್ಜಿಯ ಮುಖ ದೊಡ್ಡದು ಮಾಡಬೇಕಂದ್ರೆ, ಆಲ್ಬಮ್ಮಿನ ಪ್ರಿಂಟನ್ನ ಮೊಬೈಲಲ್ಲಿ ಹೊಡ್ಕೊಳ್ಳೋದಕ್ಕಿಂತ ಇದೇ ವಾಸಿ. ಪ್ರಿಂಟಲ್ಲಿ ಬೆಳ್ಳಗೆ ಹಾರಿಹೋದ ಪಂಚೆಯ ಮಡಿಕೆ ಕೂಡ ನೆಗೆಟಿವಲ್ಲಿ ಉಳಿದಿರಬಹುದು.

ಫಿಲ್ಮ್ ಕಳ್ಕೊಂಡ್ರೆ ಏನಾಗುತ್ತೆ ಅನ್ನೋದಕ್ಕೆ ಸಿನಿಮಾದವರ ಕಥೆ ನೋಡಿ. ಗುಬ್ಬಿ ವೀರಣ್ಣನವರು ಮೂಕಿ ಕಾಲದಲ್ಲೇ ಸಿನಿಮಾಕ್ಕೂ ಕೈಹಾಕಿದ್ದರು. ಭಾರತದ ಮೂಕಿ ಚಿತ್ರಗಳಲ್ಲಿ ಬಹುಪಾಲು ಇವತ್ತು ನೋಡೋಕೆ ಸಿಗೋದಿಲ್ಲ. ಹೆಸರುಗಳು ಪುಸ್ತಕದಲ್ಲಿವೆ, ರೀಲುಗಳಿಲ್ಲ.

ಮನೆಯ ಫಿಲ್ಮೂ ಕಾಯೋದಿಲ್ಲ. ಕಲರ್ ನೆಗೆಟಿವಿನ ಬಣ್ಣ ಮಾಸುತ್ತೆ. ಕವರ್ ತೆಗೆದಾಗ ವಿನೆಗರ್ ವಾಸನೆ ಬಂತಂದ್ರೆ ಫಿಲ್ಮೇ ಕೊಳೆಯೋಕೆ ಶುರುವಾಗಿದೆ ಅಂತ. ಅದನ್ನ ಮೊದಲು ಸ್ಕ್ಯಾನಿಗೆ ಕೊಡಿ. ಕಪ್ಪು-ಬಿಳುಪಿನದಾದ್ರೆ ಸ್ಕ್ಯಾನರಿನ ಇನ್‌ಫ್ರಾರೆಡ್ ಧೂಳು ತೆಗೆಯುವ ಸೌಲಭ್ಯ ಆಫ್ ಮಾಡಿಸಿ, ಅದು ಫಿಲ್ಮಿನ ಬೆಳ್ಳಿಯನ್ನೇ ಧೂಳು ಅಂದ್ಕೊಳ್ಳುತ್ತೆ. ಫೈಲು ಟಿಫ್‌ನಲ್ಲಿ ಕೇಳಿ, ಎರಡು ಕಡೆ ಇಟ್ಕೊಳ್ಳಿ. ಸ್ಕ್ಯಾನ್ ಆಯ್ತು ಅಂತ ನೆಗೆಟಿವ್ ಎಸೀಬೇಡಿ. ಮುಂದೆ ಇದಕ್ಕಿಂತ ಒಳ್ಳೆ ಸ್ಕ್ಯಾನರ್ ಬಂದಾಗ ಬೇಕಾಗೋದು ಅದೇ.