ನಟನಿಂದ ಕಲಿಯುವದುಂಟೇ? — ಬೈಲಹೊಂಗಲ ಸೀಮೆಯ ಆಟದ ಮಾಸ್ತರರೂ ಶಾಲೆಯ ನಾಟಕವೂ

ವಿದ್ಯೆಯನ್ನು ಹೇಳಿಕೊಡುವವನಿಗೆ ಅಪಾದಾನಸಂಜ್ಞೆಯನ್ನು ವಿಧಿಸುವ ಸೂತ್ರವೊಂದು ಅಷ್ಟಾಧ್ಯಾಯಿಯಲ್ಲಿರುವದು (೧-೪-೨೯). ಅದಕ್ಕೆ ಕಟ್ಟಳೆಯೊಂದುಂಟು: ವಿದ್ಯಾಗ್ರಹಣವು ನಿಯಮಪೂರ್ವಕವಾಗಿರಬೇಕು. ಉಪಾಧ್ಯಾಯನಲ್ಲಿ ಓದುವವನ ವಿಷಯದಲ್ಲಿ ಪಂಚಮಿಯು ಸಲ್ಲುವದು. ನಟನನ್ನು ಕೇಳುವವನ ವಿಷಯದಲ್ಲಿ ಸಲ್ಲದು, ಅಲ್ಲಿ ಷಷ್ಠಿಯೇ ಗತಿ. ಈ ಪ್ರತ್ಯುದಾಹರಣೆಯು ಮಹಾಭಾಷ್ಯದ್ದು. ಪಾಠಶಾಲೆಯಲ್ಲಿ ಇದನ್ನು ಓದಿದಾಗ, ನಟನಿಗೆ ಗುರುಪದವಿಯಿಲ್ಲವೆಂಬುದು ಶಾಸ್ತ್ರಕಾರರ ಅಭಿಮತವೆಂದು ನಾವೆಲ್ಲರೂ ತಿಳಿದಿದ್ದೆವು. ಆದರೆ ಅದೇ ಪಾಣಿನಿಯು ಬೇರೊಂದೆಡೆಯಲ್ಲಿ (೪-೩-೧೧೦, ೧೧೧) ಶಿಲಾಲಿ, ಕೃಶಾಶ್ವರೆಂಬವರು ಪ್ರವಚನ ಮಾಡಿದ ನಟಸೂತ್ರಗಳನ್ನು ಹೆಸರಿಸಿ, ಅವುಗಳನ್ನು ಓದುವವರಿಗೆ ಪ್ರತ್ಯೇಕವಾದ ಹೆಸರುಗಳನ್ನೂ ಸಾಧಿಸಿಕೊಟ್ಟಿರುವನು. ಹಾಗಾದರೆ ನಾಟ್ಯಕ್ಕೂ ಆಚಾರ್ಯರಿದ್ದರು, ಅಧ್ಯಯನವಿತ್ತು. ಎರಡೂ ಸ್ಥಳಗಳನ್ನು ಕೂಡಿಸಿ ನೋಡಿದರೆ ವಿರೋಧವು ಉಳಿಯುವದಿಲ್ಲ. ರಂಗದ ಮುಂದೆ ಕುಳಿತವನು ಕೇಳುಗನು. ನಟವರ್ಗದೊಳಗೆ ಸೇರಿ ಅಭ್ಯಾಸ ಮಾಡುವವನು ವಿದ್ಯಾರ್ಥಿಯು. ಶಾಲೆಯ ರಂಗದ ಮೇಲೆ ನಿಂತ ಹುಡುಗನು ಇವರಿಬ್ಬರಲ್ಲಿ ಯಾರು ಎಂಬುದೇ ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಯು ವ್ಯಾಕರಣದಿಂದ ಹುಟ್ಟಿದ್ದಲ್ಲ. ಬೈಲಹೊಂಗಲ ತಾಲೂಕಿನ ಒಂದು ಶಾಲೆಯ ಸ್ನೇಹಸಮ್ಮೇಲನದಲ್ಲಿ ಹುಟ್ಟಿತು. ಅಲ್ಲಿ ಮಕ್ಕಳು ಕಿತ್ತೂರ ಚೆನ್ನಮ್ಮನ ಪ್ರಸಂಗವನ್ನು ಆಡಿದರು. ವೇಷಭೂಷಣಗಳು ಅಚ್ಚುಕಟ್ಟಾಗಿದ್ದವು, ಮಾತುಗಳು ತಪ್ಪಲಿಲ್ಲ. ಆಟ ಮುಗಿದ ಮೇಲೆ ಥ್ಯಾಕರೆಯ ವೇಷದ ಹುಡುಗನನ್ನು ಕರೆದು, "ಸಾಹೇಬರ, ಕಿತ್ತೂರಿಗೆ ಯಾಕ ಬಂದಿದ್ರಿ?" ಎಂದು ಕೇಳಿದೆನು. "ನನಗ ಗೊತ್ತಿಲ್ರೀ ಅಜ್ಜಾರ. ನನ್ನ ಮಾತು ಅಷ್ಟ ಅದಾವ್ರೀ" ಎಂದನು. ಅವನ ಕೈಯಲ್ಲಿ ಅವನ ಮಾತುಗಳಷ್ಟೇ ಇದ್ದ ಚೀಟಿಯಿತ್ತು. ಆ ಹುಡುಗನ ತಪ್ಪೇನೂ ಇಲ್ಲ. ಅವನು ರಂಗದ ಮೇಲೆ ನಿಂತಿದ್ದರೂ ಷಷ್ಠಿಯಲ್ಲಿಯೇ ಇದ್ದನು.

ಇದೇ ಸೀಮೆಯಲ್ಲಿ ಆಟ ಕಲಿಸುವವರಿಗೆ 'ಮಾಸ್ತರ' ಎಂಬ ಹೆಸರು ರೂಢವಾಗಿರುವದು ಗಮನಿಸತಕ್ಕ ವಿಷಯ. ಶಾಲೆಯಲ್ಲಿ ಅಕ್ಷರ ಕಲಿಸುವವರೂ ಮಾಸ್ತರರೇ, ಗುಡಿಯ ಕಟ್ಟೆಯ ಮೇಲೆ ಸಣ್ಣಾಟ ಕಲಿಸುವವರೂ ಮಾಸ್ತರರೇ. ಪೇಟಿ ನುಡಿಸುವವರೂ ಪೇಟಿ ಮಾಸ್ತರರೇ. ನಟನಿಗೆ ಭಾಷ್ಯವು ಕೊಡದ ಪಂಚಮಿಯನ್ನು ನಮ್ಮ ಹಳ್ಳಿಗರು ಯಾರನ್ನೂ ಕೇಳದೆ ಕೊಟ್ಟುಬಿಟ್ಟಿದ್ದಾರೆ. ಇಂಥವರಲ್ಲಿ ಅಗ್ರಗಣ್ಯರು 'ಸಂಗ್ಯಾ ಬಾಳ್ಯಾ' ಎಂಬ ಸಣ್ಣಾಟದೊಡನೆ ಹೆಸರು ಬೆಸೆದುಕೊಂಡಿರುವ ಪತ್ತಾರ ಮಾಸ್ತರರು. ಹತ್ತೊಂಬತ್ತನೆಯ ಶತಮಾನದಲ್ಲಿ ಬೈಲಹೊಂಗಲದಲ್ಲಿಯೇ ನಡೆದ ಕೊಲೆಯು ಈ ಆಟಕ್ಕೆ ಮೂಲವೆಂದು ಪ್ರತೀತಿ. ಪುರಾಣವನ್ನು ಬಿಟ್ಟು ಊರ ಸಂಗತಿಯನ್ನೇ ವಸ್ತುವಾಗಿ ಹಿಡಿದದ್ದರಲ್ಲಿ ಇದರ ಮಹತ್ವವಿದೆ. ಸಂಗ್ಯಾನು ಈರ್ಯಾನ ಹೆಂಡತಿ ಗಂಗಿಯನ್ನು ಬಯಸುವದು, ಪರಮ್ಮನ ಸಂಧಾನ, ಪ್ರಾಣಸ್ನೇಹಿತನಾದ ಬಾಳ್ಯಾನ ದ್ರೋಹ, ಕೊನೆಗೆ ಕೊಲೆ. ರಸದೃಷ್ಟಿಯಿಂದ ಇದು ಉತ್ತಮವಾದದ್ದೆಂಬುದರಲ್ಲಿ ಸಂಶಯವಿಲ್ಲ. ಆದರೆ ಹತ್ತು ಹನ್ನೆರಡು ವರ್ಷದ ಮಕ್ಕಳ ಕೈಯಲ್ಲಿ ಇದನ್ನು ಆಡಿಸಲು ಯಾವ ಉಪಾಧ್ಯಾಯನೂ ಒಪ್ಪನು, ನಾವೂ ಒಪ್ಪೆವು. ಈ ನೆಲದ ಅತ್ಯುತ್ತಮ ಆಟವೇ ಈ ನೆಲದ ಶಾಲೆಗೆ ಸಲ್ಲದಂತಾಗಿದೆ. ಇದು ಚಿಕ್ಕ ಸಂಕಟವಲ್ಲ.

ವಸ್ತುವು ಸಲ್ಲದಿದ್ದರೂ ಕಲಿಸುವ ರೀತಿಯು ಸಲ್ಲುವದು. ಆಟದ ತಾಲೀಮನ್ನು ಕಂಡವರಿಗೆ ಇದು ತಿಳಿದದ್ದೇ. ಸುಗ್ಗಿ ತೀರಿದ ಮೇಲೆ, ರಾತ್ರಿ ಊಟವಾದ ಬಳಿಕ ಎಲ್ಲರೂ ಗುಡಿಯಲ್ಲಿ ಕೂಡುವರು. ಹಿಂದಿನ ಕಾಲದಲ್ಲಿ ಪಾತ್ರಧಾರಿಗಳಲ್ಲಿ ಬಹುಮಂದಿ ಅಕ್ಷರ ಬಾರದವರು. ಮಾಸ್ತರರು ಹೇಳುವರು, ಅವರು ತಿರುಗಿ ಹೇಳುವರು. ತಾಳ ತಪ್ಪಿದರೆ ಮೊದಲಿನಿಂದ. ಇದು ವೇದಪಾಠದಲ್ಲಿ ನಾವು ಹೇಳಿಸಿಕೊಂಡ ಸಂಥೆಯೇ ಅಲ್ಲವೇ? ಪಾಠಶಾಲೆಯ ಮಗ್ಗುಲಲ್ಲಿ ದಪ್ಪಿನ ಸದ್ದು ಕೇಳಿದರೆ ಮುಖ ಸಿಂಡರಿಸುತ್ತಿದ್ದ ನಮ್ಮ ಹಿರಿಯರಿಗೆ ಈ ಸಾಮ್ಯವು ಹೊಳೆಯಲಿಲ್ಲ. ನಮಗೂ ತಡವಾಗಿಯೇ ಹೊಳೆಯಿತು. ಈ ಸಂಥೆಯ ಫಲವೇನೆಂದರೆ, ಒಬ್ಬನ ಮಾತನ್ನು ಉಳಿದವರೆಲ್ಲರೂ ತಿಂಗಳುಗಟ್ಟಲೆ ಕೇಳಿ ಕೇಳಿ ಇಡೀ ಆಟವೇ ಎಲ್ಲರಿಗೂ ಬಾಯಿಪಾಠವಾಗುವದು. ಒಬ್ಬನು ಜ್ವರದಿಂದ ಮಲಗಿದರೆ ಇನ್ನೊಬ್ಬನು ಅವನ ವೇಷವನ್ನು ಕಟ್ಟಬಲ್ಲನು. ಚೀಟಿ ಹಂಚುವ ಶಾಲೆಯಲ್ಲಿ ಇದು ಆಗುವ ಮಾತಲ್ಲ.

ಶಾಲೆಯ ಮಾಸ್ತರರೂ ಆಟದ ಮಾಸ್ತರರೂ ಒಬ್ಬರೇ ಆದ ನಿದರ್ಶನವು ಮುಂಬಯಿ ಕರ್ನಾಟಕದಲ್ಲಿ ಇಲ್ಲದಿಲ್ಲ. ಈ ಸೀಮೆಯ ಆಚೆ ಗದುಗಿನಲ್ಲಿ ಸಕ್ಕರಿ ಬಾಳಾಚಾರ್ಯರು (೧೮೫೬–೧೯೨೦), ಅಂದರೆ ಶಾಂತಕವಿಗಳು, ಕನ್ನಡ ಶಾಲೆಯ ಶಿಕ್ಷಕರಾಗಿದ್ದುಕೊಂಡೇ ೧೮೭೦ರ ದಶಕದಲ್ಲಿ ನಾಟಕ ಮಂಡಳಿ ಕಟ್ಟಿ, ಮರಾಠಿ ನಾಟಕಗಳ ಮೇಲುಗೈಯ ಎದುರಿಗೆ ಕನ್ನಡ ನಾಟಕವನ್ನು ನಿಲ್ಲಿಸಿದರು. ಆ ಮೇಲುಗೈಯು ಎಷ್ಟರದಿತ್ತೆಂಬುದಕ್ಕೆ ಸವದತ್ತಿ ಸೀಮೆಯೇ ಸಾಕ್ಷಿ: ಮರಾಠಿ ಸಂಗೀತ ನಾಟಕದ ಆದ್ಯರಾಗಿ, ೧೮೮೦ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು (೧೮೪೩–೧೮೮೫) ಹುಟ್ಟಿದ್ದು ಮಲಪ್ರಭೆಯ ದಂಡೆಯ ಗುರ್ಲಹೊಸೂರಿನಲ್ಲಿ. ರಾಮದುರ್ಗವಂತೂ ೧೯೪೮ರ ವರೆಗೆ ಭಾವೆ ಮನೆತನದ ಸಂಸ್ಥಾನವಾಗಿತ್ತು. ಅರಮನೆಯ ಮಾತು ಮರಾಠಿ, ಬಯಲಿನ ಆಟ ಕನ್ನಡ. ಅದೇ ಸವದತ್ತಿ ತಾಲೂಕಿನ ಏಣಗಿಯಲ್ಲಿ ಹುಟ್ಟಿದ ಬಾಳಪ್ಪನವರು (೧೯೧೪–೨೦೧೭) ಹಳ್ಳಿಯ ಆಟದಿಂದ ಹೊರಟು ಕನ್ನಡ ವೃತ್ತಿರಂಗಭೂಮಿಯ ಹಿರಿಯರಾದರು.

ಮತ್ತೆ ಕಿತ್ತೂರಿಗೆ ಬರೋಣ. ೧೯೬೧ರಲ್ಲಿ ಬಿ. ಆರ್. ಪಂತುಲು ಅವರ ಚಿತ್ರಪಟವು ಬಂದಂದಿನಿಂದ ಕಪ್ಪದ ಮಾತೇ ಮಕ್ಕಳ ನಾಲಗೆಯ ಮೇಲೆ ನಿಂತಿದೆ. ಇತಿಹಾಸದಲ್ಲಿ ಕಲಹದ ಮೂಲವು ದತ್ತಕ. ೧೮೨೪ರ ಸಪ್ಟಂಬರದಲ್ಲಿ ಶಿವಲಿಂಗರುದ್ರ ಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಒಪ್ಪಲಿಲ್ಲ. ಭಂಡಾರಕ್ಕೆ ಮುದ್ರೆ ಹಾಕಿಸಿ ಕಾವಲಿರಿಸಿದನು. ಅಕ್ಟೋಬರ ೨೩ರಂದು ಕೋಟೆಯ ಬಾಗಿಲಲ್ಲಿ ಕಾಳಗವಾಗಿ ಅವನೇ ಬಿದ್ದನು. ಅವನ ಸಹಾಯಕರಾದ ಸ್ಟೀವನ್ಸನ್, ಎಲಿಯಟ್ ಇಬ್ಬರೂ ಸೆರೆಸಿಕ್ಕರು. ಡಿಸೆಂಬರದಲ್ಲಿ ಕೋಟೆಯು ಬಿದ್ದಿತು. ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ಕಾಲವಾದಳು. ದತ್ತಕ, ಮುದ್ರೆ, ಕಾವಲು ಎಂಬ ಮೂರು ಸಂಗತಿಗಳನ್ನು ಮಕ್ಕಳ ಆಟದಿಂದ ತೆಗೆದರೆ ರಾಣಿಯ ಕೋಪಕ್ಕೆ ಕಾರಣವೇ ಉಳಿಯುವದಿಲ್ಲ, ಸ್ಥಾಯಿಗೆ ವಿಭಾವವಿಲ್ಲದಂತಾಗುವದು.

ಇದಕ್ಕೆ ಸಾಧನವು ದೊಡ್ಡಾಟದಲ್ಲಿಯೇ ಇದೆ. ದೊಡ್ಡಾಟದಲ್ಲಿ ಪಾತ್ರವು ಪ್ರವೇಶಿಸಿ ಕುಣಿದು ನಿಂತೊಡನೆ ಸಾರಥಿಯು ಎದುರಾಗಿ, ತಾವು ಯಾರು, ಹೆಸರೇನು, ಬಂದ ಕಾರಣವೇನು ಎಂದು ವಿಚಾರಿಸುವನು. ಪಾತ್ರವು ಹೇಳಲೇಬೇಕು. ಭರತನು ಪೂರ್ವರಂಗದಲ್ಲಿ ಹೇಳಿದ ತ್ರಿಗತದ ನೆರಳನ್ನು ಇಲ್ಲಿ ಕಾಣಬಹುದು. ಅಲ್ಲಿಯೂ ವಿದೂಷಕನು ನಡುವೆ ಬಾಯಿ ಹಾಕಿ ಸೂತ್ರಧಾರನನ್ನು ಪ್ರಶ್ನಿಸುವನು. ಆದರೆ ಇದು ಅದರಿಂದಲೇ ಇಳಿದು ಬಂದದ್ದೆಂದು ಸಾಧಿಸುವ ಹಟ ನಮಗಿಲ್ಲ. ಸಂಸ್ಕೃತದ ಬೇರನ್ನು ತೋರಿಸಿದ ಹೊರತು ಕನ್ನಡದ ಗಿಡಕ್ಕೆ ಬೆಲೆಯಿಲ್ಲವೆಂಬ ನಮ್ಮ ಪಂಡಿತವರ್ಗದ ಚಾಳಿಯನ್ನು ಬಿಡತಕ್ಕದ್ದು.

ಮರುವರ್ಷ ಅದೇ ಶಾಲೆಯ ಶಿಕ್ಷಕಿಯೊಬ್ಬರು ನಮ್ಮ ಮಾತಿಗೆ ಮನ್ನಣೆಯಿತ್ತು ಚೀಟಿಗಳನ್ನು ಬಿಟ್ಟರು. ಏಳನೆಯ ತರಗತಿಯ ಹುಡುಗಿಯೊಬ್ಬಳು ಸಾರಥಿಯಾದಳು. ಪ್ರತಿ ತಾಲೀಮಿನಲ್ಲಿ ಪ್ರಶ್ನೆಯು ಅವಳದೇ, ಬರೆದುಕೊಟ್ಟದ್ದಲ್ಲ. ಥ್ಯಾಕರೆಯು ಬಂದೊಡನೆ, "ಮಂದಿ ಮನಿ ಭಂಡಾರಕ್ಕ ಮುದ್ರಿ ಹಾಕಾಕ ನೀವು ಯಾರ್ರೀ?" ಎಂದಳು. ಅವನು ತಡವರಿಸಿದನು, ಮರುದಿನ ಪುಸ್ತಕ ನೋಡಿಕೊಂಡು ಬಂದು ಕಂಪನಿಯ ಪಕ್ಷವನ್ನು ವಾದಿಸಿದನು. ಆಟವು ಇಪ್ಪತ್ತು ನಿಮಿಷದ್ದು ನಲ್ವತ್ತಾಯಿತು, ಮುಖ್ಯಾಧ್ಯಾಪಕರು ಅಸಮಾಧಾನಪಟ್ಟರು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ರಂಗಕಲೆಯನ್ನು ಶಾಲಾಶಿಕ್ಷಣದ ಅಂಗವೆಂದು ಹೇಳಿದ್ದರೂ ವೇಳಾಪತ್ರಿಕೆಯಲ್ಲಿ ಅದಕ್ಕೆ ತಾಸು ಸಿಗುವದು ಸುಲಭವಲ್ಲ.

ಆಟದ ದಿನ ಮಾತೇ ಇಲ್ಲದ ಎಲಿಯಟ್ಟನ ವೇಷದವನನ್ನೂ ಆ ಹುಡುಗಿ ಬಿಡಲಿಲ್ಲ. ಅವನು, ತಾನು ಮುಂದೆ ಈ ನಾಡಿನ ಕನ್ನಡ ಶಾಸನಗಳನ್ನು ಪ್ರತಿಮಾಡಿಸಿ ಸಂಗ್ರಹಿಸುವವನೆಂದೂ, ಸದ್ಯ ರಾಣಿಯ ಸೆರೆಯಲ್ಲಿರುವದರಿಂದ ಹೆಚ್ಚು ಮಾತಾಡಲಾರೆನೆಂದೂ ಹೇಳಿದನು. ಸಭೆಯು ನಕ್ಕಿತು. ಹಾಗೆ ಹೇಳೆಂದು ಅವನಿಗೆ ಯಾರೂ ಬರೆದುಕೊಟ್ಟಿರಲಿಲ್ಲ.