ಗಾಡಿ ಇನ್ಶೂರೆನ್ಸ್: ಯಾವುದು ಕಡ್ಡಾಯ, ಯಾವುದು ಐಚ್ಛಿಕ? ಗೋಕಾಕ, ಮೂಡಲಗಿ, ಹುಕ್ಕೇರಿ ವಾಹನ ಮಾಲೀಕರಿಗೆ ಮಾಹಿತಿ

ಗೋಕಾಕ: "ಪೊಲೀಸ್ರು ಹಿಡಿದಾಗ ನೋಡೋಣ ಬಿಡು" ಅಂತ ಇನ್ಶೂರೆನ್ಸ್ ಮುಗಿದ ಗಾಡಿಯನ್ನೇ ಓಡಿಸುವವರು ಇದ್ದಾರೆ. ಆದರೆ ನಿಜವಾದ ಹೊಡೆತ ದಂಡದ್ದಲ್ಲ, ಅಪಘಾತದ ನಂತರದ ಪರಿಹಾರದ್ದು.

ಕಡ್ಡಾಯ ಯಾವುದು?
1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ರಸ್ತೆಗಿಳಿಯುವ ಬೈಕ್, ಕಾರು, ಟ್ರ್ಯಾಕ್ಟರ್, ಗೂಡ್ಸ್ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಸಾವು, ಗಾಯ, ಆಸ್ತಿ ಹಾನಿಗೆ ಇದು ಪರಿಹಾರ ಕೊಡುತ್ತದೆ. ನಿಮ್ಮ ಗಾಡಿಯ ರಿಪೇರಿ, ಕಳವು ಇದರಲ್ಲಿ ಬರಲ್ಲ. ಅದಕ್ಕೆ ಜನ 'ಫುಲ್ ಇನ್ಶೂರೆನ್ಸ್' ಅನ್ನುವ ಪಾಲಿಸಿ ಬೇಕು. ಕಾನೂನಿನ ಪ್ರಕಾರ ಅದು ಐಚ್ಛಿಕ.

ಇಲ್ಲದಿದ್ದರೆ?
ಮೊದಲ ಸಲ 2,000 ರೂ. ದಂಡ ಅಥವಾ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ದಂಡ 4,000 ರೂ. ಅಪಘಾತವಾದರೆ ನ್ಯಾಯಮಂಡಳಿ ಹೇಳಿದ ಪರಿಹಾರವನ್ನು ಮಾಲೀಕನೇ ಕಟ್ಟಬೇಕು. ದುಡಿಯುವ ವ್ಯಕ್ತಿ ತೀರಿಕೊಂಡರೆ ಅದು ಹಲವು ಲಕ್ಷ ದಾಟಬಹುದು. ಹೊಲ, ಮನೆ ಮೇಲೂ ಬರಬಹುದು.

ಖರ್ಚು ಎಷ್ಟು?
ಥರ್ಡ್ ಪಾರ್ಟಿ ದರ ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಯಾದ ವಾರ್ಷಿಕ ದರ (ತೆರಿಗೆ ಬೇರೆ):
- 75ರಿಂದ 150 ಸಿಸಿ ಬೈಕ್: 714 ರೂ.
- 1000 ಸಿಸಿ ಒಳಗಿನ ಖಾಸಗಿ ಕಾರು: 2,094 ರೂ.
- 1000ರಿಂದ 1500 ಸಿಸಿ ಕಾರು: 3,416 ರೂ.

ಹೊಸ ಕಾರಿಗೆ 3 ವರ್ಷ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಖರೀದಿಸುವಾಗಲೇ ಮಾಡಿಸಬೇಕು. 2018ರ ಸೆಪ್ಟೆಂಬರ್ 1ರಿಂದ ಈ ನಿಯಮ ಇದೆ.

ಕಬ್ಬಿನ ಹಂಗಾಮಿನಲ್ಲಿ ಗಮನಿಸಿ
ಟ್ರ್ಯಾಕ್ಟರ್ ಜೊತೆ ಟ್ರೇಲರ್ ಕೂಡ ಪಾಲಿಸಿಯಲ್ಲಿ ಸೇರಿದೆಯೇ ನೋಡಿ. ಕೃಷಿ ಬಳಕೆಯ ಪಾಲಿಸಿ ಇಟ್ಟುಕೊಂಡು ಬಾಡಿಗೆ ಹೊಡೆದರೆ, ಜಾತ್ರೆ-ಮದುವೆಗೆ ಜನರನ್ನು ತುಂಬಿಕೊಂಡು ಹೋದರೆ ಕಂಪನಿ ಪರಿಹಾರ ನಿರಾಕರಿಸಬಹುದು. ಅಂಗಡಿ ಸಾಮಾನು ತರುವ ಗಾಡಿಗೂ ಅಷ್ಟೇ: ಖಾಸಗಿ ಪಾಲಿಸಿ ಬಾಡಿಗೆಗೆ ನಡೆಯಲ್ಲ. ಚಾಲಕನ ಲೈಸೆನ್ಸ್ ಚಾಲ್ತಿಯಲ್ಲಿರಲಿ.

ಹಳೇ ಗಾಡಿ ಕೊಂಡವರು
ಆರ್‌ಸಿ ಜೊತೆ ಪಾಲಿಸಿಯಲ್ಲೂ ಹೆಸರು ಬದಲಿಸಬೇಕು. ಅದಕ್ಕೆ ಗಾಡಿ ವರ್ಗಾವಣೆಯಾದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಿ.

ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿರುವ ದಾಖಲೆ ತೋರಿಸಿದರೂ ನಡೆಯುತ್ತದೆ. ಪಾಲಿಸಿ ಮುಗಿಯುವ ದಿನಾಂಕವನ್ನು ಇವತ್ತೇ ಒಮ್ಮೆ ನೋಡಿಕೊಳ್ಳಿ.