ರಾಮಪತ್ರೆ ಜಡ್ಡಿ

ರಾಮಪತ್ರೆ ಜಡ್ಡಿ ಎಂಬುದು ಪಶ್ಚಿಮ ಘಟ್ಟಗಳ ಉಷ್ಣವಲಯದ ಮಳೆಕಾಡುಗಳೊಳಗೆ, ಹಳ್ಳಗಳ ಇಕ್ಕೆಲಗಳಲ್ಲಿ ಕಂಡುಬರುವ ಸಿಹಿನೀರಿನ ಜೌಗು ಕಾಡು. ವರ್ಷದ ಬಹುಕಾಲ ನೀರಿನಿಂದ ತೊಯ್ದಿರುವ ಕೆಸರಿನಲ್ಲಿ ಜಾಯಿಕಾಯಿಯ ಕುಟುಂಬಕ್ಕೆ (ಮಿರಿಸ್ಟಿಕೇಸಿ) ಸೇರಿದ ಎತ್ತರದ ನಿತ್ಯಹರಿದ್ವರ್ಣ ಮರಗಳು ದಟ್ಟವಾಗಿ ಬೆಳೆದಿರುವುದು ಇದರ ಮುಖ್ಯ ಲಕ್ಷಣ. ಕರ್ನಾಟಕದಲ್ಲಿ ಇವು ಹೆಚ್ಚಾಗಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ, ಹೊನ್ನಾವರ ಭಾಗಗಳಲ್ಲಿ ಉಳಿದುಕೊಂಡಿವೆ. ಕೇರಳದ ದಕ್ಷಿಣ ಭಾಗ, ಗೋವಾದ ಸತ್ತರಿ ತಾಲ್ಲೂಕು ಮತ್ತು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿಯೂ ಚಿಕ್ಕ ಚಿಕ್ಕ ತುಣುಕುಗಳಿವೆ. ಒಂದೊಂದು ಜಡ್ಡಿಯ ವಿಸ್ತಾರ ಬಹಳ ಕಡಿಮೆ; ಕೆಲವು ಒಂದು ಅಡಿಕೆ ತೋಟಕ್ಕಿಂತಲೂ ಚಿಕ್ಕವು.

ಹೆಸರು ಮತ್ತು ಅಧ್ಯಯನ

ಉತ್ತರ ಕನ್ನಡದ ಆಡುಮಾತಿನಲ್ಲಿ ಜಡ್ಡಿ ಎಂದರೆ ನೀರು ಜಿನುಗುವ ತಗ್ಗಿನ ಜೌಗು ನೆಲ. ಆ ಜಿಲ್ಲೆಯ ಹಲವು ಊರುಗಳ ಹೆಸರಿನ ಕೊನೆಯಲ್ಲಿ ಈ ಪದವಿದೆ. ರಾಮಪತ್ರೆ ಎಂಬುದು ಇಲ್ಲಿ ಬೆಳೆಯುವ ಕಾಡು ಜಾಯಿಕಾಯಿ ಜಾತಿಯೊಂದರ (ಮಿರಿಸ್ಟಿಕಾ ಮಲಬಾರಿಕಾ) ಹೆಸರು. ಅದರ ಬೀಜವನ್ನು ಸುತ್ತಿಕೊಂಡಿರುವ ಪತ್ರೆಗೂ ಇದೇ ಹೆಸರು. ಅಡುಗೆಮನೆಯ ಜಾಯಿಕಾಯಿ ಮತ್ತು ಜಾಪತ್ರೆ ಇಂಡೋನೇಷ್ಯಾದ ಬಾಂದಾ ದ್ವೀಪಗಳ ಮೂಲದ ಮಿರಿಸ್ಟಿಕಾ ಫ್ರಾಗ್ರನ್ಸ್ ಮರದ್ದು. ರಾಮಪತ್ರೆ ಅದರ ಸೋದರ ಸಂಬಂಧಿ, ಪರಿಮಳ ಕಡಿಮೆ.

ಈ ಬಗೆಯ ಕಾಡನ್ನು 1960ರಲ್ಲಿ ಕೃಷ್ಣಮೂರ್ತಿ ಎಂಬವರು ತಿರುವಾಂಕೂರು ಪ್ರದೇಶದಿಂದ ಮೊದಲು ವರ್ಣಿಸಿದರು. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಅವರು ಭಾರತದ ಅರಣ್ಯಗಳನ್ನು ವರ್ಗೀಕರಿಸಿದಾಗ ಇದನ್ನು ಉಷ್ಣವಲಯದ ಸಿಹಿನೀರಿನ ಜೌಗು ಕಾಡುಗಳಲ್ಲಿ ಸೇರಿಸಿದರು. ಉತ್ತರ ಕನ್ನಡದ ಜಡ್ಡಿಗಳು ವಿಜ್ಞಾನಿಗಳ ಗಮನಕ್ಕೆ ಚೆನ್ನಾಗಿ ಬಂದದ್ದು 1990ರ ದಶಕದ ಕೊನೆಯ ಹೊತ್ತಿಗೆ, ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರ ಸಮೀಕ್ಷೆಗಳ ಮೂಲಕ. ಅಲ್ಲಿಯ ಹಳ್ಳಿಗರಿಗೆ ಮಾತ್ರ ಇವು ಎಂದೂ ಅಪರಿಚಿತವಾಗಿರಲಿಲ್ಲ.

ನೆಲ, ನೀರು ಮತ್ತು ಬೇರು

ಜಡ್ಡಿಯ ಅಸ್ತಿತ್ವ ನಿಂತಿರುವುದು ನೀರಿನ ನಿರಂತರತೆಯ ಮೇಲೆ. ಈ ಪ್ರದೇಶದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾದ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಉಳಿದ ಎಂಟು ತಿಂಗಳು ಜಡ್ಡಿಯನ್ನು ತೋಯಿಸುವುದು ಮಳೆಯಲ್ಲ, ಮೇಲಿನ ಗುಡ್ಡದ ಕಾಡು ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುವ ಒರತೆ. ಆದ್ದರಿಂದ ಗುಡ್ಡದ ಇಳಿಜಾರು ಬೋಳಾದರೆ, ಒಂದು ಮರವನ್ನೂ ಕಡಿಯದೆ ಕೆಳಗಿನ ಜಡ್ಡಿಯನ್ನು ಕೊಂದಂತಾಗುತ್ತದೆ.

ನೀರು ತುಂಬಿದ ಕೆಸರಿನಲ್ಲಿ ಬೇರುಗಳಿಗೆ ಗಾಳಿ ಸಿಗುವುದಿಲ್ಲ. ಸಾಮಾನ್ಯ ಮರ ಇಂತಹ ನೆಲದಲ್ಲಿ ಬೇರು ಕೊಳೆತು ಬೀಳುತ್ತದೆ. ಜಡ್ಡಿಯ ಮರಗಳು ಇದಕ್ಕೆ ಎರಡು ಉಪಾಯಗಳನ್ನು ಕಂಡುಕೊಂಡಿವೆ. ಪಿಂಡಿ ಮರದ (ಜಿಮ್ನಕ್ರಾಂಥೆರಾ ಕೆನರಿಕಾ) ಬೇರುಗಳು ಕೆಸರಿನಿಂದ ಮೇಲಕ್ಕೆದ್ದು, ಮಡಿಸಿದ ಮಂಡಿಯಂತೆ ಬಾಗಿ, ಮತ್ತೆ ಕೆಸರಿನೊಳಕ್ಕೆ ಇಳಿಯುತ್ತವೆ. ಇವನ್ನು ಮಂಡಿ ಬೇರುಗಳೆನ್ನುತ್ತಾರೆ. ಮೇಲೆದ್ದ ಭಾಗದ ಸಣ್ಣ ರಂಧ್ರಗಳ ಮೂಲಕ ಬೇರು ಉಸಿರಾಡುತ್ತದೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಮರಕ್ಕೆ ಮಂಡಿ ಬೇರುಗಳ ಜೊತೆಗೆ ಕಾಂಡದ ಬುಡದಿಂದ ಹೊರಟು ನೆಲಕ್ಕೆ ಊರುವ ಊರುಗೋಲು ಬೇರುಗಳೂ ಇವೆ. ಸಡಿಲ ಕೆಸರಿನಲ್ಲಿ ಎತ್ತರದ ಮರ ವಾಲದೆ ನಿಲ್ಲಲು ಅವು ಆಧಾರ. ಸಮುದ್ರತೀರದ ಕಾಂಡ್ಲಾ ಕಾಡಿನಲ್ಲಿ ಕಾಣುವ ಏರ್ಪಾಡನ್ನೇ ಉಪ್ಪುನೀರಿನ ಸೋಂಕಿಲ್ಲದ ಘಟ್ಟದ ಒಡಲಲ್ಲಿ ನೋಡುವುದು ಯಾರಿಗೂ ವಿಸ್ಮಯ ತರುವಂಥದು.

ಸಸ್ಯಗಳು

ಮೇಲೆ ಹೇಳಿದ ಮರಗಳಲ್ಲದೆ, ಅದೇ ಕುಟುಂಬದ ರಕ್ತಮರವೂ (ನೀಮಾ ಅಟೆನ್ಯುಯೇಟಾ) ಜಡ್ಡಿಯ ಅಂಚಿನಲ್ಲಿ ಬೆಳೆಯುತ್ತದೆ. ತೊಗಟೆಯನ್ನು ಗೀರಿದರೆ ಕೆಂಪು ರಸ ಒಸರುವುದರಿಂದ ಈ ಹೆಸರು. ಈ ಗುಣ ಇಡೀ ಕುಟುಂಬಕ್ಕೆ ಸಾಮಾನ್ಯ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಈ ಕಾಡುಗಳ ಪೈಕಿ ಹೆಸರುವಾಸಿ. ಸಾಗರದಿಂದ ಹೊನ್ನಾವರಕ್ಕೆ ಇಳಿಯುವ ಹೆದ್ದಾರಿಯ ಬದಿಯಲ್ಲೇ ಇದ್ದರೂ, ಹೆಸರೇ ಹೇಳುವಂತೆ ನಡುಹಗಲಿನಲ್ಲೂ ಇಲ್ಲಿ ಬೆಳಕು ಕಡಿಮೆ. ಜಗತ್ತಿಗೆ ತಿಳಿದಿರದ ಗೇರಿನ ಕುಟುಂಬದ ಒಂದು ಮರ ಇಲ್ಲಿ ಪತ್ತೆಯಾಗಿ, 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಒಂದು ಕನ್ನಡ ಊರಿನ ಹೆಸರು ಹೀಗೆ ಸಸ್ಯಶಾಸ್ತ್ರದಲ್ಲಿ ಸೇರಿಕೊಂಡಿತು. ಈ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಮರಗಳ ಸಂಖ್ಯೆ ಮೊದಲೇ ಅತ್ಯಲ್ಪವಾಗಿರುವಾಗ, ಒಂದು ಜಡ್ಡಿಯಲ್ಲಿ ಒಂದೇ ಲಿಂಗದ ಮರಗಳು ಉಳಿದರೆ ಅಲ್ಲಿ ಹಣ್ಣೂ ಇಲ್ಲ, ಮುಂದಿನ ಪೀಳಿಗೆಯೂ ಇಲ್ಲ. ಒಂದು ಕಾಲಕ್ಕೆ ನಶಿಸಿಹೋಗಿದೆ ಎಂದು ಭಾವಿಸಲಾಗಿದ್ದ, ನೇರಳೆಯ ಜಾತಿಬಂಧುವಾದ ಸಿಜಿಜಿಯಂ ಟ್ರಾವಂಕೋರಿಕಮ್ ಕೂಡ ಉತ್ತರ ಕನ್ನಡದ ಜಡ್ಡಿಗಳಲ್ಲಿ ದೊರೆತಿದೆ. ಅದು ಇಂದು ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ.

ಹಣ್ಣು ಮತ್ತು ಹಕ್ಕಿ

ಕಾಡು ಜಾಯಿಕಾಯಿಯ ಬೀಜ ದೊಡ್ಡದು, ಭಾರವಾದದ್ದು. ಗಾಳಿಯಲ್ಲಿ ಹಾರಲಾರದು, ಚಿಕ್ಕ ಹಕ್ಕಿಗಳ ಕೊರಳಿಗೆ ಹಿಡಿಸದು. ಹಣ್ಣು ಮಾಗಿದಾಗ ದಪ್ಪ ಸಿಪ್ಪೆ ಎರಡಾಗಿ ಬಿರಿದು, ಒಳಗೆ ಕೆಂಪು ಅಥವಾ ಕೇಸರಿ ಬಣ್ಣದ ಪತ್ರೆಯಲ್ಲಿ ಸುತ್ತಿದ ಬೀಜ ಕಾಣುತ್ತದೆ. ಹಸಿರು ಎಲೆಗಳ ನಡುವೆ ಈ ಬಣ್ಣ ಹಕ್ಕಿಗೆ ನೀಡಿದ ಆಹ್ವಾನ. ದೊಡ್ಡ ಮಂಗಟ್ಟೆ, ಮಲಬಾರ್ ಬೂದು ಮಂಗಟ್ಟೆ ಮತ್ತು ದೊಡ್ಡ ಗಾತ್ರದ ಕಾಡುಪಾರಿವಾಳಗಳು ಬೀಜವನ್ನು ಪತ್ರೆಯ ಸಮೇತ ನುಂಗುತ್ತವೆ. ಪತ್ರೆ ಜೀರ್ಣವಾದ ಬಳಿಕ ಬೀಜವನ್ನು ಕೆಡದಂತೆ ಬಾಯಿಂದ ಹೊರಹಾಕುತ್ತವೆ. ಅಷ್ಟರಲ್ಲಿ ಹಕ್ಕಿ ತಾಯಿಮರದಿಂದ ದೂರ ಬಂದಿರುತ್ತದೆ.

ಮಂಗಟ್ಟೆಗೆ ಗೂಡು ಕಟ್ಟಲು ಹಳೆಯ ದೊಡ್ಡ ಮರದ ಪೊಟರೆಯೇ ಬೇಕು. ಹೆಣ್ಣು ಹಕ್ಕಿ ಪೊಟರೆಯೊಳಗೆ ಸೇರಿಕೊಂಡು, ಬಾಯಿಯನ್ನು ಹಿಕ್ಕೆ ಮತ್ತು ಆಹಾರದ ಶೇಷಗಳಿಂದ ಮುಚ್ಚಿ, ಕಿರಿದಾದ ಸೀಳನ್ನಷ್ಟೇ ಬಿಡುತ್ತದೆ. ವಾರಗಟ್ಟಲೆ ಗಂಡು ಹಕ್ಕಿ ತಂದುಕೊಡುವ ಹಣ್ಣುಗಳೇ ಅದಕ್ಕೂ ಮರಿಗೂ ಆಧಾರ. ಹೀಗೆ ಹಕ್ಕಿಗೆ ಮುದಿಮರ ಬೇಕು, ಮರಕ್ಕೆ ಹಕ್ಕಿ ಬೇಕು. ಪತ್ರೆಯ ವ್ಯಾಪಾರ ಇವೆರಡರ ನಡುವೆ ಬಂದು ನಿಲ್ಲುತ್ತದೆ. ರಾಮಪತ್ರೆಗೆ ಮಾರುಕಟ್ಟೆಯಲ್ಲಿ ಬೆಲೆಯಿರುವುದರಿಂದ ಹಣ್ಣು ಬಿರಿಯುವ ಮೊದಲೇ ಕೊಯ್ಯುವುದು, ಕೆಲವೊಮ್ಮೆ ಕೊಂಬೆಗಳನ್ನೇ ಕಡಿದು ಕೆಡಹುವುದು ಉಂಟು. ಬಿದ್ದ ಹಣ್ಣನ್ನಷ್ಟೇ ಆರಿಸಿ, ಪತ್ರೆ ಬಿಡಿಸಿಕೊಂಡು ಬೀಜವನ್ನು ಕಾಡಿನಲ್ಲೇ ಬಿಡುವ ಕ್ರಮದಿಂದ ಇಷ್ಟು ಹಾನಿಯಾಗದು.

ಪ್ರಾಣಿಗಳು

ಸಿಂಗಳೀಕ ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಇರುವ, ಅಳಿವಿನಂಚಿನ ಕೋತಿ. ಶಿರಸಿ–ಹೊನ್ನಾವರ ಕಾಡುಗಳು ಅದರ ವಾಸನೆಲೆಯ ಉತ್ತರದ ತುದಿ. ಮುಖದ ಸುತ್ತ ಬೂದು ಬಣ್ಣದ ಕೇಸರವೂ ಬಾಲದ ತುದಿಯಲ್ಲಿ ಕುಚ್ಚೂ ಇರುವ ಈ ಕೋತಿ ಮರದ ಮೇಲೆಯೇ ಬದುಕುವಂಥದು. ಕಾಡು ಜಾಯಿಕಾಯಿ ಜಾತಿಯ ಹಣ್ಣುಗಳು ಅದರ ಆಹಾರದಲ್ಲಿ ಸೇರಿವೆ. ಮೇಲ್ಚಾವಣಿ ಎಲ್ಲಿ ಕಡಿದುಹೋಗುತ್ತದೋ ಅಲ್ಲಿ ಅದು ನೆಲಕ್ಕಿಳಿಯಬೇಕಾಗುತ್ತದೆ. ರಸ್ತೆ ಹಾದುಹೋದ ಕಾಡಿನಲ್ಲಿ ಹಾಗೆ ಇಳಿಯುವುದು ಜೀವಕ್ಕೇ ಕುತ್ತು.

ಜಡ್ಡಿಯ ನಿಜವಾದ ನಿವಾಸಿಗಳು ಕಪ್ಪೆಗಳು. ಕತ್ತಲೆಕಾನಿನಲ್ಲಿ ಕಂಡುಬಂದ ಒಂದು ಇರುಳುಗಪ್ಪೆಗೆ 2014ರಲ್ಲಿ ಕೆ. ವಿ. ಗುರುರಾಜ ಮತ್ತು ಸಹಸಂಶೋಧಕರು ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ಹೆಣ್ಣು ಕಪ್ಪೆ ನೀರಿನ ಮೇಲಿರುವ ಕಡ್ಡಿಗೋ ಕಲ್ಲಿಗೋ ಮೊಟ್ಟೆಗಳನ್ನು ಅಂಟಿಸಿ ಹೋದ ಮೇಲೆ, ಗಂಡು ಕಪ್ಪೆ ಹಳ್ಳದ ಕೆಸರನ್ನು ಮುಂಗಾಲುಗಳಿಂದ ಎತ್ತಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಕೆಸರಿನ ಲೇಪ ಮೊಟ್ಟೆಗಳು ಒಣಗದಂತೆ ಕಾಯುತ್ತದೆ. ಮಣ್ಣು ಹದ ಮಾಡುವ ಕುಂಬಾರನ ಹೆಸರು ಈ ಕಪ್ಪೆಗೆ ಚೆನ್ನಾಗಿಯೇ ಒಪ್ಪುತ್ತದೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಹಳ್ಳ ಬತ್ತಿದ್ದರೆ ಅವಕ್ಕೆ ಬೇರೆ ಗತಿಯಿಲ್ಲ. ಕೇರಳದ ಜಡ್ಡಿಗಳಿಂದ 2013ರಲ್ಲಿ ಮರ್ಕ್ಯುರಾನಾ ಮಿರಿಸ್ಟಿಕಾಪಲುಸ್ಟ್ರಿಸ್ ಎಂಬ ಮರಗಪ್ಪೆ ವರ್ಣಿತವಾಯಿತು. ಅದರ ಹೆಸರಿನ ಎರಡನೆಯ ಭಾಗದ ಅರ್ಥವೇ ಜಾಯಿಕಾಯಿ ಜೌಗಿನದು ಎಂದು.

ಹಳ್ಳದ ಮೇಲೆ ಕಾಗದದ ಚೂರಿನಂತೆ ತೇಲುವ ದೊಡ್ಡ ಬಿಳಿ ಚಿಟ್ಟೆ, ಮಲಬಾರ್ ಟ್ರೀ ನಿಂಫ್, ಇಂಥ ನೆರಳಿನ ಕಾಡುಗಳಿಗೆ ಸೇರಿದ್ದು. ಏಡಿಗಳು, ಏರೋಪ್ಲೇನ್ ಚಿಟ್ಟೆಗಳು, ಎರೆಹುಳುವನ್ನು ಹೋಲುವ ಕಾಲಿಲ್ಲದ ಉಭಯವಾಸಿಗಳೂ ಉಂಟು.

ಅಳಿವು ಮತ್ತು ರಕ್ಷಣೆ

ಕಣಿವೆಯ ತಳ, ಫಲವತ್ತಾದ ಕಪ್ಪು ಮಣ್ಣು, ಬೇಸಿಗೆಯಲ್ಲೂ ನೀರು: ಜಡ್ಡಿಗೆ ಏನು ಬೇಕೋ ಅಡಿಕೆ ತೋಟಕ್ಕೂ ಗದ್ದೆಗೂ ಅದೇ ಬೇಕು. ಆದ್ದರಿಂದ ತಲೆಮಾರುಗಳಿಂದ ಜಡ್ಡಿಗಳು ತೋಟ, ಗದ್ದೆಗಳಾಗಿ ಮಾರ್ಪಟ್ಟಿವೆ. ಕೃಷಿಕನನ್ನು ಮಾತ್ರ ದೂರುವುದು ನ್ಯಾಯವಲ್ಲ. ಶರಾವತಿ ಕಣಿವೆಯ ಕಾಡಿನ ಒಂದು ಭಾಗ ಜಲಾಶಯಗಳ ಅಡಿಯಲ್ಲಿದೆ. ಆದರೆ ಮೇಲಿನ ಜಡ್ಡಿಯನ್ನು ಬರಿದು ಮಾಡಿದ ಮೇಲೆ ಕೆಳಗಿನ ತೋಟದ ಹಳ್ಳ ಬೇಸಿಗೆಗೆ ಮುಂಚೆಯೇ ಬತ್ತುವುದು ಅದೇ ಕೃಷಿಕನಿಗಾಗುವ ನಷ್ಟ. ದೇವರ ಕಾಡೆಂದು ಜನರೇ ಕಾಯ್ದ ಕಡೆಗಳಲ್ಲಿ ಜಡ್ಡಿಗಳು ಹೆಚ್ಚು ಉಳಿದಿವೆ. ಗೋವಾದ ನಿರಂಕಾರಾಚಿ ರಾಯ್ ಇದಕ್ಕೆ ನಿದರ್ಶನ. ಕೇರಳದಲ್ಲಿ ಉಳಿದಿರುವ ಒಟ್ಟು ವಿಸ್ತಾರ ಎರಡು ಚದರ ಕಿಲೋಮೀಟರಿಗಿಂತಲೂ ಕಡಿಮೆ.

ಕರ್ನಾಟಕ ಸರ್ಕಾರ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಿತು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಕೂಡಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಇದೇ ಅಭಯಾರಣ್ಯದ ವ್ಯಾಪ್ತಿಯಲ್ಲಿ 2000 ಮೆಗಾವ್ಯಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ ಪ್ರಸ್ತಾಪಗೊಂಡಿದ್ದು, ಪರಿಸರಾಸಕ್ತರಿಂದಲೂ ಸ್ಥಳೀಯರಿಂದಲೂ ವಿರೋಧ ಎದುರಿಸಿದೆ.

ಹಾಳಾದ ಜಡ್ಡಿಗಳಲ್ಲಿ ಸಸಿ ನೆಟ್ಟು ಬೆಳೆಸಬಹುದು. ಆದರೆ ಬೀಜವನ್ನು ಕೂಡಿಡುವ ದಾರಿಯಿಲ್ಲ. ಕಾಡು ಜಾಯಿಕಾಯಿಯ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುತ್ತದೆ. ಭತ್ತ, ರಾಗಿಗಳ ಬೀಜದಂತೆ ಒಣಗಿಸಿ ಭಂಡಾರದಲ್ಲಿ ವರ್ಷಗಟ್ಟಲೆ ಇಡಲಾಗದು. ಮಾಗಿದ ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ಬಿತ್ತಬೇಕು, ಸಸಿಯನ್ನು ನೆರಳಿನಲ್ಲಿ ಬೆಳೆಸಬೇಕು, ಆಮೇಲೆ ಒರತೆ ಬತ್ತದ ನೆಲಕ್ಕೆ ಒಯ್ಯಬೇಕು.